ನೆಲ ಬರೆಯದ ಚಿತ್ರ

ಸೆಲೆಸ್ಟಿನ್ ಅಂಗೀಸಾವನ್ನು ಬಟ್ಟೆ ಒಗೆಯುವ ತಗಡಿನ ತೊಟ್ಟಿಯ ಕೆಳಗೆ ತಳ್ಳುವುದಕ್ಕೂ ಇರ್ಮಾಳ ಬೂಟಿನ ಸದ್ದು ಹಿತ್ತಿಲಿಗೆ ಬರುವುದಕ್ಕೂ ಸರಿಹೋಯಿತು. ಗಂಜಿ ಹಾಕಿ, ಮಡಿಕೆ ಮಡಿಕೆಯಾಗಿ ಮಡಚಿ, ಗುಂಡುಸೂಜಿ ಚುಚ್ಚಿ ನಿಲ್ಲಿಸಿದ ತಲೆಬಟ್ಟೆ ಅದು. ತೊಟ್ಟಿಯ ಅಂಚು ತಾಗಿ ಒಂದು ಮಡಿಕೆ ಚರ್ ಎಂದಿತು. ಅಷ್ಟಕ್ಕೇ ಅವಳ ಜೀವ ಬಾಯಿಗೆ ಬಂತು. ಬೇರೇನೂ ತೋಚದೆ ಬೋರಲು ಹಾಕಿದ ತೊಟ್ಟಿಯ ಮೇಲೆ ಕುಳಿತುಬಿಟ್ಟಳು.

"ಇಲ್ಲೇನ್ ಮಾಡ್ತಿದೀರಿ?" ಇರ್ಮಾ ಬಾಗಿಲಲ್ಲೇ ನಿಂತು ಕೇಳಿದಳು.

"ಸುಸ್ತಾಯ್ತಮ್ಮ. ಒಂದ್ಗಳಿಗೆ ಕೂತೆ."

"ಅಮ್ಮನ ಅಂಗೀಸಾ ಇನ್ನೂ ಎಲ್ಲಾದ್ರೂ ಉಳಿದಿದ್ರೆ ಈಗ್ಲೇ ಕೊಟ್ಬಿಡಿ. ಪಾದ್ರಿಗಳು ಸ್ಮಶಾನಕ್ಕೆ ಹೋಗೋ ದಾರೀಲಿ ಇಲ್ಲಿಗೆ ಬಂದ್ರೂ ಬಂದ್ರು. ಅವರಿಗೆ ಇದೆಲ್ಲ ಆಗಲ್ಲ, ಅಂಥದ್ದೊಂದು ಕಣ್ಣಿಗೆ ಬೀಳ್ಬಾರ್ದು."

"ಇಲ್ಲಮ್ಮ. ಎಲ್ಲಾ ಬೆಳಿಗ್ಗೆನೇ ನೀವು ತಗೊಂಡ್ರಲ್ಲ."

"ಸರಿ. ಇನ್ನೊಂದು ಮಾತು." ಇರ್ಮಾ ದನಿ ತಗ್ಗಿಸಿದಳು. "ಇವತ್ತು ಜನ ಬರ್ತಾರೆ. ನೀವು ಬಾಡಿಗೆಗಿದ್ದೋರು. ಬಾಡಿಗೆಯೋರು ಎಲ್ಲಿ ನಿಲ್ಬೇಕೋ ಅಲ್ಲಿ ನಿಂತ್ರೆ, ಮನೆ ಖಾಲಿ ಮಾಡೋ ವಿಷಯ ನಿಧಾನಕ್ಕೆ ಮಾತಾಡೋಣ. ಅಂಗಳದಲ್ಲಿ ನನ್ನ ಮಾನ ಕಳೆದ್ರೆ, ನಿಮ್ಮ ಟ್ರಂಕು ಇವತ್ತೇ ಬೀದೀಲಿರತ್ತೆ."

ಬೂಟಿನ ಸದ್ದು ಮುಂದುಗಡೆಗೆ ಹೋಯಿತು. ಸೆಲೆಸ್ಟಿನ್ ಎರಡೂ ಕೈ ಮೊಣಕಾಲ ಮೇಲಿಟ್ಟು ಅವನ್ನೇ ನೋಡುತ್ತಾ ಕುಳಿತಳು. ಅರವತ್ತಾರು ವರ್ಷದ ಮುದುಕಿಯ ಕೈ. ಬಾಡಿಗೆ ಎನ್ನುವುದನ್ನು ಅವಳು ಈ ಮನೆಗೆ ಒಂದು ದಿನವೂ ಕೊಟ್ಟವಳಲ್ಲ. ಕೊಡಲು ಹೋಗಿದ್ದರೆ ಇರ್ಮಾಳ ತಾಯಿ ಲುಡ್ವಿನಾ ಅದನ್ನು ಕಿಟಕಿಯಾಚೆ ಎಸೆದು ಇವಳನ್ನೂ ಅದರ ಹಿಂದೆಯೇ ಎಸೆಯುತ್ತಿದ್ದಳು.

ಆ ಲುಡ್ವಿನಾ ಈಗ ಮುಂದಿನ ಕೋಣೆಯಲ್ಲಿ ಐಸಿನ ಮೇಲೆ ಮಲಗಿದ್ದಳು. ಮೊನ್ನೆ ಮಧ್ಯಾಹ್ನ ಗಂಜಿಯ ಬೋಗುಣಿ ಕೆಳಗಿಳಿಸಿ, "ತಲೆ ತಿರುಗ್ತಿದೆ ಕಣೇ" ಎಂದವಳು ಮತ್ತೆ ಏಳಲಿಲ್ಲ. ಪಾರಾಮಾರಿಬೋದ ಅರ್ಧ ಊರಿನ ಹೆಂಗಸರು ಹುಟ್ಟುಹಬ್ಬಕ್ಕೆ, ಮದುವೆಗೆ, ಜಗಳಕ್ಕೆ ಕೂಡ ಅವಳು ಮಾಡಿದ ಅಂಗೀಸಾ ಇಟ್ಟುಕೊಂಡೇ ಹೋಗುತ್ತಿದ್ದರು. ಅವಳ ತಲೆಯ ಮೇಲೆ ಈಗ ಇದ್ದದ್ದು ಮಾತ್ರ ಮಗಳ ಚರ್ಚಿನ ಸಭೆಯವರು ಕಳಿಸಿದ ಬೋಳು ಬಿಳಿ ಟೊಪ್ಪಿ.

ಬೆಳಿಗ್ಗೆ ಇರ್ಮಾ ಮೇಜಿನ ಮೇಲಿದ್ದ ತಾಯಿಯ ಅಂಗೀಸಾದಿಂದ ಸೂಜಿಗಳನ್ನು ಒಂದೊಂದಾಗಿ ಕಿತ್ತು, ಬಟ್ಟೆ ಬಿಡಿಸಿ, ಅದರ ಮೇಲಿನ ಹಳದಿ ಕಪ್ಪು ಗೆರೆಗಳನ್ನು ತಿರುಗಿಸಿ ಮುರುಗಿಸಿ ನೋಡಿದ್ದಳು. ಏನೂ ಅರ್ಥವಾಗಿರಲಿಲ್ಲ. ಐಸು ಕರಗಿ ಹಲಗೆಯ ನೆಲದ ಮೇಲೆ ನೀರು ಹರಿಯುತ್ತಿತ್ತು. ಅದೇ ಬಟ್ಟೆಯಿಂದ ಬಗ್ಗಿ ನೀರು ಒರೆಸಿದಳು. ಸೆಲೆಸ್ಟಿನ್ ಬಾಗಿಲ ಮರೆಯಲ್ಲಿ ನಿಂತು ನೋಡಿದಳು. ಆಮೇಲೆ ಓಡಿಹೋಗಿ ಅದರ ಜೋಡಿಯನ್ನು, ತನ್ನದನ್ನು, ಹಿತ್ತಿಲಿಗೆ ತಂದಿದ್ದಳು.

*

ಟ್ರುಡಿ ಅಡುಗೆಮನೆಯಲ್ಲಿ ಬಂದವರಿಗೆ ಕಾಫಿ ಸುರಿಯುತ್ತಾ, ಉಪ್ಪುಮೀನು ತುಂಬಿದ ಬ್ರೆಡ್ಡು ಕೊಡುತ್ತಾ, ಬಾಯಿಗೂ ಬಿಡುವು ಕೊಟ್ಟಿರಲಿಲ್ಲ. ಲುಡ್ವಿನಾಳಿಗೆ ಮೂವತ್ತು ವರ್ಷಗಳಿಂದ ಗೆಳತಿ. ಬರುವ ಶನಿವಾರ ಟ್ರುಡಿಯದೇ ಅರವತ್ತರ ಹುಟ್ಟುಹಬ್ಬವಿತ್ತು.

"ಮುಖ ಯಾಕೆ ಬೂದಿ ಬಳಿದ ಹಾಗಿದೆ ನಿಂದು? ನಿದ್ದೆ ಮಾಡಿದ್ಯಾ?"

"ಕುರ್ಚೀಲಿ ಕೂತಿದ್ದೆ."

"ಎರಡು ರಾತ್ರೀನೂ?"

ಸೆಲೆಸ್ಟಿನ್ ಬಾಗಿಲ ಕಡೆ ನೋಡಿ ಪಿಸುಗುಟ್ಟಿದಳು. "ಮಂಚ ಕಿರ್ ಅಂತು ಟ್ರುಡಿ. ಅವಳ ಕಡೇದು. ಗೋಡೆ ಕಡೇದು."

ಟ್ರುಡಿಯ ಕೈಲಿದ್ದ ಕಾಫಿಪಾತ್ರೆ ಗಾಳಿಯಲ್ಲೇ ನಿಂತಿತು. "ನೀನೇನಾದ್ರೂ ಮಾತಾಡಿಸಿದ್ಯಾ?"

"ಅಯ್ಯೋ, ಉಸಿರೂ ಬಿಡ್ಲಿಲ್ಲ."

"ಒಳ್ಳೇದಾಯ್ತು. ಇವತ್ತು ದಾರ ಕತ್ತರಿಸ್ಲಿ. ಸರಿಹೋಗತ್ತೆ."

ದಾರವೆಂದರೆ ಸಾವಿನ ಮನೆಯ ಹಳೆಯ ಕಟ್ಟಳೆ. ಒಂದೇ ಹಾಸಿಗೆಯಲ್ಲಿ ಮಲಗಿದ ಇಬ್ಬರಲ್ಲಿ ಒಬ್ಬರು ಹೋದರೆ ಉಳಿದವರನ್ನು ಬಿಡಿಸಬೇಕು. ಹೆಣ ಮೀಯಿಸುವ ಕೂಟದ ಹಿರಿಯಳು ಶವಪೆಟ್ಟಿಗೆ ಮುಚ್ಚುವ ಮೊದಲು ಎಲ್ಲರೆದುರು ಮೂರು ಸಲ ಕೇಳುತ್ತಾಳೆ, ಇವಳ ಪಕ್ಕ ಮಲಗಿದವರು ಯಾರು ಎಂದು. ಮಲಗಿದವರು ಮುಂದೆ ಬಂದು ಬಾಯಿಬಿಟ್ಟು 'ನಾನು' ಎನ್ನಬೇಕು. ಸತ್ತವರ ಕೈಗೂ ಇದ್ದವರ ಕೈಗೂ ಬಿಳಿ ದಾರ ಕಟ್ಟಿ ನಡುವೆ ಕತ್ತರಿಸುತ್ತಾರೆ. ಕತ್ತರಿಸದೆ ಹೋದರೆ ಸತ್ತವರು ಗೋರಿಯಲ್ಲಿ ನಿಲ್ಲುವುದಿಲ್ಲ, ತಮ್ಮ ಹಾಸಿಗೆಗೇ ಮರಳುತ್ತಾರೆ, ವರ್ಷ ತುಂಬುವುದರೊಳಗೆ ಪಕ್ಕದವರನ್ನೂ ಎಬ್ಬಿಸಿಕೊಂಡು ಹೋಗುತ್ತಾರೆ. ಇದೆಲ್ಲ ಸುಳ್ಳು ಎಂದು ಸಭೆಯಲ್ಲಿ ಕೈಯೆತ್ತಿ ಹೇಳುವವರು ಊರಿನಲ್ಲಿ ಬೇಕಾದಷ್ಟು ಜನ ಇದ್ದರು. ಸಾವಿನ ಮನೆಯಲ್ಲಿ ಒಬ್ಬರೂ ಹೇಳುತ್ತಿರಲಿಲ್ಲ.

ಹೆಂಗಸು ಹೆಂಗಸಿನ ಜೊತೆ ಬಾಳಿದರೆ ಅಲ್ಲಿ ಅವರನ್ನು ಮಾತಿ ಎನ್ನುತ್ತಾರೆ. ಹಿತ್ತಿಲಲ್ಲಿ ಎನ್ನುತ್ತಾರೆ, ಮುಂದಿನ ಕೋಣೆಗೆ ಬಂದರೆ ಅದು ಗೆಳತಿ ಎಂದಾಗುತ್ತದೆ. ಎಲ್ಲರಿಗೂ ಗೊತ್ತು, ಯಾರೂ ಕೇಳುವುದಿಲ್ಲ. ಕೇಳದೆ ಇರುವವರೆಗೆ ಬದುಕು ಸುಸೂತ್ರ. ದಾರ ಮಾತ್ರ ಕೇಳಿಯೇ ಕೇಳುತ್ತದೆ.

"ಹೇಳಿದ್ರೆ ಇರ್ಮಾ ನನ್ನ ಬೀದಿಗೆ ಹಾಕ್ತಾಳೆ," ಎಂದಳು ಸೆಲೆಸ್ಟಿನ್. "ಹೇಳದಿದ್ರೆ ಲುಡ್ವಿನಾ ಬರ್ತಾಳೆ."

"ನಮ್ಮನೇಗ್ ಬಾ."

"ನಿಮ್ಮನೇಲಿ ನಿನ್ನ ಸೊಸೆ ಇದಾಳೆ."

ಟ್ರುಡಿ ಬ್ರೆಡ್ಡು ಕತ್ತರಿಸತೊಡಗಿದಳು. ಸೊಸೆಯ ವಿಷಯ ಬಂದರೆ ಅವಳು ಯಾವತ್ತೂ ಏನಾದರೊಂದು ಕೆಲಸ ಹುಡುಕಿಕೊಳ್ಳುತ್ತಿದ್ದಳು.

ಸೆಲೆಸ್ಟಿನ್ನಳಿಗೆ ನಾಚಿಕೆಯೂ ಆಗುತ್ತಿತ್ತು. ಇಷ್ಟು ವರ್ಷ ಯಾರ ಕಾಲು ತನ್ನ ಕಾಲ ಮೇಲೆ ಬಿದ್ದರೆ ಮಾತ್ರ ನಿದ್ದೆ ಬರುತ್ತಿತ್ತೋ, ಅದೇ ಕಾಲು ಇವತ್ತು ಬಿದ್ದೀತು ಎಂದು ಹೆದರುವುದೆಂದರೇನು! ಆದರೆ ಹೆದರಿಕೆ ನಾಚಿಕೆಯ ಮಾತು ಕೇಳುವುದಿಲ್ಲ.

*

ಲುಡ್ವಿನಾ ಮೊದಲ ಸಲ ಬಂದದ್ದು ಬೈಯುವುದಕ್ಕೆ. ಸೆಲೆಸ್ಟಿನ್ ಆಗ ಅಧಿಕಾರಿಗಳ ಮನೆಗಳಿಗೆ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಒಂದು ಮಧ್ಯಾಹ್ನ ಎತ್ತರದ ಕಪ್ಪು ಹೆಂಗಸೊಬ್ಬಳು ಬುಟ್ಟಿ ಹೊತ್ತು ಬಂದು ಬಾಗಿಲಿಗೆ ಅಡ್ಡ ನಿಂತಳು.

"ಈ ಬೀದೀಲಿ ಗಂಜಿ ಬಟ್ಟೆ ಸುಡದೆ ಇಸ್ತ್ರಿ ಮಾಡೋ ಒಂದು ಕೈಯಾದ್ರೂ ಇದ್ಯಾ? ಮೂರು ಜನಕ್ಕೆ ಕೊಟ್ಟೆ, ಮೂರೂ ಜನ ರೊಟ್ಟಿ ಮಾಡಿ ಕೊಟ್ರು."

"ಇಟ್ಟು ಹೋಗಿ," ಎಂದಳು ಸೆಲೆಸ್ಟಿನ್.

"ಇಟ್ಟು ಹೋಗಲ್ಲ. ನಿಂತು ನೋಡ್ತೀನಿ."

ನಿಂತು ನೋಡಿದಳು. ಮರಗೆಣಸಿನ ಗಂಜಿಯಲ್ಲಿ ಅದ್ದಿದ ಬಟ್ಟೆಯ ಮೇಲೆ ಇಸ್ತ್ರಿಪೆಟ್ಟಿಗೆ ಹೋದಲ್ಲೆಲ್ಲ ಬಣ್ಣದ ಗೆರೆಗಳು ಮಿಂಚಿ ಎದ್ದವು. ಅಲ್ಲೊಂದು ಬಿಲ್ಲು, ಇಲ್ಲೊಂದು ಕೊಂಡಿ, ಒಂದಕ್ಕೊಂದು ಸಂಬಂಧವೇ ಇಲ್ಲ.

"ಇದೇನು ಚಿತ್ರ?" ಎಂದಳು ಸೆಲೆಸ್ಟಿನ್. "ಮಕ್ಕಳು ಗೀಚಿದ ಹಾಗಿದೆ."

ಲುಡ್ವಿನಾ ನಗಲಿಲ್ಲ. ಬಿಸಿ ಆರದ ಬಟ್ಟೆಯನ್ನು ತೆಗೆದುಕೊಂಡು ಮಡಚತೊಡಗಿದಳು. ಒಂದು ಮಡಿಕೆ, ಇನ್ನೊಂದು, ಅಡ್ಡಕ್ಕೆ ಒಂದು, ಸೂಜಿ. ಮೇಜಿನ ಮೇಲೆ ಅಂಗೀಸಾ ಎದ್ದು ನಿಂತಿತು. ಬಿಲ್ಲು ಹೋಗಿ ಕೊಂಡಿಗೆ ಸೇರಿತು. ಬಟ್ಟೆಯ ಹಿಂಬದಿಯಲ್ಲಿ, ಎಲ್ಲಿ ಏನೂ ಇರಲಿಲ್ಲವೋ ಅಲ್ಲಿ, ರೆಕ್ಕೆ ಬಿಚ್ಚಿದ ಹಕ್ಕಿಯೊಂದು ಕುಳಿತಿತ್ತು. ಸೆಲೆಸ್ಟಿನ್ ಬೆರಗಾಗಿ ಬಾಯ್ತೆರೆದು ನಿಂತಳು, ಇಸ್ತ್ರಿಪೆಟ್ಟಿಗೆಯ ಕೆಳಗೆ ಸಿಕ್ಕಿದ್ದ ಅಧಿಕಾರಿಯ ಅಂಗಿ ಸುಟ್ಟು ಹೊಗೆಯೆದ್ದಿತು. ಆಗ ನಕ್ಕಳು ನೋಡಿ ಲುಡ್ವಿನಾ. ಆ ನಗು ಕೇಳಿದ ಮೇಲೆ ಸೆಲೆಸ್ಟಿನ್ ಬೇರೆಯವರ ಬಟ್ಟೆ ಹೆಚ್ಚು ದಿನ ಇಸ್ತ್ರಿ ಮಾಡಲಿಲ್ಲ.

ಗಂಜಿ ಇಬ್ಬರದೂ, ಇಸ್ತ್ರಿ ಇವಳದು. ಬಣ್ಣ, ಮಡಿಕೆ ಅವಳದು. ಲುಡ್ವಿನಾ ಮನುಷ್ಯರ ಮುಖ ಬರೆದರೆ ಕಪ್ಪೇ ಬಳಿಯುತ್ತಿದ್ದಳು, ಎಣ್ಣೆ ಸವರಿದಂತೆ ಹೊಳೆಯುವ ಕಪ್ಪು. ಒಮ್ಮೆ ಒಬ್ಬಳು ಸಾಹುಕಾರಗಿತ್ತಿ, "ಸ್ವಲ್ಪ ತಿಳಿ ಮಾಡಮ್ಮ, ಹಬ್ಬಕ್ಕೆ ಚೆಂದ ಕಾಣತ್ತೆ" ಎಂದದ್ದಕ್ಕೆ, "ನಿಮ್ಮಜ್ಜಿ ಮೀನು ಮಾರ್ತಿದ್ದಾಗ ನಾನು ನೋಡಿದೀನಿ, ಅವರ ಬಣ್ಣಾನೇ ಇದು" ಎಂದು ಅಂಗಳದಿಂದ ಅಟ್ಟಿದ್ದಳು.

*

ಮಧ್ಯಾಹ್ನ ಮೂರಕ್ಕೆ ಇರ್ಮಾ ಒಬ್ಬ ಮುದುಕನನ್ನು ಕಾರಿನಿಂದ ಇಳಿಸಿಕೊಂಡು ಬಂದಳು. ಕಪ್ಪು ಸೂಟು, ನುಸಿಗುಳಿಗೆಯ ವಾಸನೆ. ಅಂಗಳದ ಹೆಂಗಸರ ಮಾತು ಗಕ್ಕನೆ ನಿಂತಿತು.

"ಒಸ್ಕರ್ ಅಲ್ವೇನೇ ಅದು?" ಎಂದಳು ಒಬ್ಬಳು.

"ಬದುಕಿದಾನಾ ಇನ್ನೂ?"

"ಮುಖ ನೋಡಿದ್ರೆ ಗ್ಯಾರಂಟಿ ಇಲ್ಲ."

ಒಸ್ಕರ್ ಲುಡ್ವಿನಾಳನ್ನು ಚರ್ಚಿನಲ್ಲಿ ಮದುವೆಯಾದ ಗಂಡ. ಇರ್ಮಾ ತೊಟ್ಟಿಲಲ್ಲಿರುವಾಗಲೇ ನಿಕೇರಿಯ ಕಡೆ ಇನ್ನೊಬ್ಬಳ ಮನೆ ಸೇರಿ, ಆಮೇಲೆ ಇತ್ತ ತಲೆ ಹಾಕಿರಲಿಲ್ಲ. ಅವನನ್ನು ಯಾಕೆ ಕರೆತಂದಿದ್ದಾಳೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ದಾರ ಕತ್ತರಿಸದೆ ಮೀಯಿಸುವವರು ಪೆಟ್ಟಿಗೆ ಮುಚ್ಚುವುದಿಲ್ಲ. ಅದಕ್ಕೆ ಮಗಳು ಒಬ್ಬ ಗಂಡನನ್ನು ಹುಡುಕಿ ತಂದಿದ್ದಳು.

ಕಾಫಿ ಕೇಳುವ ನೆಪದಲ್ಲಿ ಒಸ್ಕರ್ ಅಡುಗೆಮನೆಗೆ ಬಂದ. ಸೆಲೆಸ್ಟಿನ್ ಒಬ್ಬಳೇ ಇದ್ದಳು. ಅವನು ಟೊಪ್ಪಿ ತೆಗೆದು ಎರಡೂ ಕೈಯಲ್ಲಿ ತಿರುಗಿಸತೊಡಗಿದ.

"ಅವಳು... ಹೋಗೋವಾಗ ಸಿಟ್ಟಲ್ಲಿದ್ಲಾ?"

"ಇಲ್ಲ. ಗಂಜಿ ಕಾಯಿಸ್ತಿದ್ಲು."

"ನನ್ನ ವಿಷ್ಯ ಏನಾದ್ರೂ?"

"ಏನೂ ಇಲ್ಲ."

"ಯಾವತ್ತೂ?"

"ಒಂದೆರಡು ಸಲ, ಇಲಿಬೋನು ಇಡೋವಾಗ ನಿಮ್ಮ ಹೆಸರು ಹೇಳಿದ್ಲು."

ಒಸ್ಕರ್ ತಲೆದೂಗಿದ. ಅವನ ಹಣೆಯಲ್ಲಿ ಬೆವರು ಮೂಡಿತ್ತು. "ಮಗಳು ಹೇಳ್ತಾಳೆ, ಸುಮ್ನೆ ನಿಂತ್ಕೊಂಡು 'ನಾನು' ಅಂದ್ಬಿಡು ಸಾಕು ಅಂತ. ಅವಳಿಗೂ ಹೆದ್ರಿಕೆ ಪಾಪ. ನಿನ್ನೆಯಿಂದ ದೀಪ ಆರಿಸಿಲ್ವಂತೆ. ಏನಂತೀರಿ ನೀವು?"

ಸೆಲೆಸ್ಟಿನ್ನಳ ಎದೆಯ ಮೇಲಿಂದ ಕಲ್ಲು ಇಳಿದಂತಾಯಿತು. ಇವನು ಹೇಳಿದರೆ ತಾನು ಹೇಳಬೇಕಾಗಿಲ್ಲ. ಟ್ರಂಕು ಬೀದಿಗೆ ಬೀಳುವುದಿಲ್ಲ. "ಹೇಳಿ," ಎಂದಳು. "ಹೇಳ್ಬಿಡಿ." ಕಾಫಿಗೆ ಎರಡು ಚಮಚ ಸಕ್ಕರೆ ಹೆಚ್ಚಾಗಿಯೇ ಹಾಕಿ ಕೊಟ್ಟಳು.

ಅವನು ಹೊರಗೆ ಹೋದ ಮೇಲೆ ಅವಳಿಗೆ ಇನ್ನೊಂದು ಹೊಳೆಯಿತು. ದಾರ ಅವನ ಕೈಯದು ಕತ್ತರಿಸಿದರೆ ತನ್ನದು ಹಾಗೇ ಉಳಿಯಿತು. ಪೆಟ್ಟಿಗೆ ಹೋದರೂ ಅವಳು ಹೋಗುವುದಿಲ್ಲ. ಇವತ್ತು ದೀಪ ಹಚ್ಚಿದ ಮೇಲೆ, ಜನರೆಲ್ಲ ಮನೆಗೆ ಹೋದ ಮೇಲೆ, ಗೋಡೆಯ ಕಡೆಯ ಮಂಚ.

*

ಕೊನೆಯ ಜೋಡಿಯನ್ನು ಲುಡ್ವಿನಾ ಮಾಡಿದ್ದು ಟ್ರುಡಿಯ ಹುಟ್ಟುಹಬ್ಬಕ್ಕೆಂದು. ಇಬ್ಬರೂ ಒಂದೇ ಬಟ್ಟೆ, ಒಂದೇ ಅಂಗೀಸಾ ಇಟ್ಟುಕೊಂಡು ಹೋಗುವುದು ಮಾತಿಗಳ ಹಳೆಯ ಪದ್ಧತಿ. ಬಾಯಿಬಿಡದೆ ಎಲ್ಲ ಹೇಳಿದಂತೆ. ಇವರಿಬ್ಬರು ಎಷ್ಟೋ ಹಬ್ಬಗಳಿಗೆ ಹಾಗೆ ಹೋಗಿದ್ದರು. ಹಕ್ಕಿ, ಹೂವು, ದೋಣಿ, ಏನೇನೋ. ಈ ಸಲ ಲುಡ್ವಿನಾ ಎಂದೂ ಬರೆಯದದ್ದನ್ನು ಬರೆದಳು. ಮಡಚಿ ಮುಗಿಸಿ, ಮರದ ತಲೆಯ ಮೇಲಿಟ್ಟು, ಸೆಲೆಸ್ಟಿನ್ನಳನ್ನು ಕರೆದಳು.

ಹಿಂಬದಿಯಲ್ಲಿ ಇಬ್ಬರು ಕಪ್ಪು ಹೆಂಗಸರು ಕುಣಿಯುತ್ತಿದ್ದರು. ತಲೆ ಹಿಂದಕ್ಕೆ ಚೆಲ್ಲಿ, ಹಲ್ಲೆಲ್ಲ ಕಾಣುವಂತೆ ನಗುತ್ತಾ, ಲಂಗಗಳು ಹಾಯಿಯಂತೆ ಉಬ್ಬಿ. ಒಬ್ಬಳ ಕೈ ಇನ್ನೊಬ್ಬಳ ಸೊಂಟದ ಮೇಲಿತ್ತು. ಒಬ್ಬಳು ಎತ್ತರ, ಇನ್ನೊಬ್ಬಳು ಗಿಡ್ಡ.

ಸೆಲೆಸ್ಟಿನ್ನಳಿಗೆ ಮೊದಲು ಬಂದದ್ದು ಭಯವೇ. "ಹುಚ್ಚಾ ನಿಂಗೆ? ಇದನ್ನಿಟ್ಕೊಂಡು ಬೀದೀಲಿ ನಡೀಬೇಕಾ? ನೋಡಿದೋರಿಗೆ ನಾವೇ ಅಂತ ಗೊತ್ತಾಗತ್ತೆ."

"ಗೊತ್ತಾಗ್ಲಿ ಅಂತಾನೇ."

"ಇಷ್ಟು ದಿನ ಹಕ್ಕಿ ಬರೀತಿದ್ದೆ."

"ಇಷ್ಟು ದಿನ ಹಕ್ಕಿ ಬರೆದಿದ್ದಕ್ಕೆ ಬೇಜಾರಾಯ್ತು ಕಣೇ. ಮುದುಕಿ ಆದೆ. ನಾನು ನಿನ್ನ ಜೊತೆ ನಕ್ಕಿದ್ದು ಹಕ್ಕಿಗೇನ್ ಗೊತ್ತು?"

ಸೆಲೆಸ್ಟಿನ್ ಹತ್ತಿರ ಹೋಗಿ ನೋಡಿದಳು. "ಕಾಲ ಕೆಳಗೆ ಏನೂ ಇಲ್ವಲ್ಲೇ. ನೆಲ ಬರೆಯೋದು ಮರೆತ್ಯಾ?"

"ನೆಲ ಬರೆದ್ರೆ ಯಾರ್ದು ಅಂತ ಕೇಳ್ತಾರೆ," ಎಂದಳು ಲುಡ್ವಿನಾ. "ಇರ್ಲಿ ಬಿಡು, ಮೇಲೇ ಇರ್ಲಿ."

ಆಮೇಲೆ ಸೆಲೆಸ್ಟಿನ್ ಸಿಟ್ಟು ಮಾಡಿಕೊಂಡಂತೆ ನಟಿಸಿದ್ದಳು, ಶನಿವಾರ ತಾನು ಬರುವುದಿಲ್ಲ ಎಂದಿದ್ದಳು. ಒಳಗೊಳಗೆ ಎಷ್ಟು ಖುಷಿಯಾಗಿತ್ತೆಂದರೆ, ಲುಡ್ವಿನಾ ಪೇಟೆಗೆ ಹೋದಾಗ ಕನ್ನಡಿಯ ಮುಂದೆ ಇಟ್ಟುಕೊಂಡು, ಇನ್ನೊಂದು ಕನ್ನಡಿ ಹಿಂದೆ ಹಿಡಿದು ನೋಡಿಕೊಂಡಿದ್ದಳು. ಅದನ್ನು ಅವಳಿಗೆ ಹೇಳಿರಲಿಲ್ಲ. ಹೇಳುವುದಕ್ಕೆ ಶನಿವಾರವಿದೆ ಎಂದುಕೊಂಡಿದ್ದಳು.

*

ಪೆಟ್ಟಿಗೆಯನ್ನು ಅಂಗಳಕ್ಕೆ ತಂದು ಎರಡು ಬೆಂಚುಗಳ ಮೇಲಿಟ್ಟಾಗ ಬಿಸಿಲು ಬಾಗಿತ್ತು. ಹೊರುವ ಆರು ಜನ ಕಪ್ಪು ಕೋಟಿನಲ್ಲಿ ಬೇಲಿಯ ಬಳಿ ಸಾಲಾಗಿ ನಿಂತಿದ್ದರು. ಮೀಯಿಸುವ ಕೂಟದ ಹಿರಿಯಳು ಜಾಕೋಬಾ, ಕುಳ್ಳಗೆ, ಒಂದು ಕಣ್ಣಿಗೆ ಹೂವು ಬಿದ್ದವಳು, ದಾರದ ಉಂಡೆ ಹಿಡಿದು ಮುಂದೆ ಬಂದಳು.

ಲುಡ್ವಿನಾಳ ಮಣಿಕಟ್ಟಿಗೆ ದಾರದ ಒಂದು ತುದಿ ಕಟ್ಟಿ ಜಾಕೋಬಾ ದನಿಯೆತ್ತಿದಳು. "ಇವಳ ಪಕ್ಕ ಮಲಗಿದವರು ಯಾರು?"

ಇರ್ಮಾ ತಂದೆಯ ಬೆನ್ನಿಗೆ ಕೈಯಿಟ್ಟು ಮೆಲ್ಲನೆ ತಳ್ಳಿದಳು. ಒಸ್ಕರ್ ಎರಡು ಹೆಜ್ಜೆ ಬಂದು ಕೈಚಾಚಿದ.

ಜಾಕೋಬಾ ದಾರವನ್ನು ಕೊಡಲಿಲ್ಲ. ಸರಿಯಿದ್ದ ಕಣ್ಣಿನಿಂದ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೋಡಪ್ಪ. ನಿಜವಾಗಿ ಮಲಗಿದೋರು ಹಿಡಿದ್ರೆ ದಾರ ಬಿಡಿಸತ್ತೆ. ಮಲಗದೋರು ಹಿಡಿದ್ರೆ ದಾರ ಕಟ್ಟತ್ತೆ. ಅವಳಿಗೆ ನಿಮ್ಮನೆ ವಿಳಾಸ ಕೊಟ್ಟ ಹಾಗೆ. ಆಮೇಲೆ ನನ್ನ ಕೇಳ್ಬೇಡ."

ಒಸ್ಕರ್ ಪೆಟ್ಟಿಗೆಯೊಳಗೆ ನೋಡಿದ. ಲುಡ್ವಿನಾಳ ಹುಬ್ಬು, ಬದುಕಿದ್ದಾಗಿನಂತೆಯೇ, ಒಂದು ಕಡೆ ಸ್ವಲ್ಪ ಮೇಲಕ್ಕಿತ್ತು. ಅವನು ಚಾಚಿದ ಕೈಯನ್ನು ಸರಕ್ಕನೆ ಎಳೆದುಕೊಂಡ.

"ನನ್ನ ಕೈಲಾಗಲ್ಲಪ್ಪಾ," ಎಂದ ಎಲ್ಲರಿಗೂ ಕೇಳುವಂತೆ. "ಬದುಕಿದ್ದಾಗ್ಲೇ ಆಗ್ಲಿಲ್ಲ." ಟೊಪ್ಪಿ ತಲೆಗಿಟ್ಟುಕೊಂಡು ಜನರ ನಡುವೆ ದಾರಿ ಮಾಡಿಕೊಂಡು ಗೇಟು ದಾಟಿ ಹೋಗಿಯೇಬಿಟ್ಟ. ಯಾರೋ ಕಿಸಕ್ಕೆಂದರು. ಇರ್ಮಾಳ ಮುಖದಲ್ಲಿ ರಕ್ತವಿರಲಿಲ್ಲ.

"ಇವಳ ಪಕ್ಕ ಮಲಗಿದವರು ಯಾರು?" ಎರಡನೆಯ ಸಲ.

ಸೆಲೆಸ್ಟಿನ್ ಹಿತ್ತಿಲ ಬಾಗಿಲಲ್ಲಿ, ಬಾಡಿಗೆಯವರು ನಿಲ್ಲಬೇಕಾದಲ್ಲಿ ನಿಂತಿದ್ದಳು. ಟ್ರುಡಿ ಅವಳ ತೋಳು ಚಿವುಟಿದಳು. "ಬಾಯಿ ಬಿಡೇ!" ಸೆಲೆಸ್ಟಿನ್ ಬಾಯಿ ತೆರೆದಳು. ನೂರು ಕಣ್ಣುಗಳು ಅವಳ ಕಡೆ ನೋಡದಿರಲು ಪ್ರಯತ್ನಿಸುತ್ತಿದ್ದವು. ಅವಳು ತಿರುಗಿ ಹಿತ್ತಿಲಿಗೆ ಓಡಿದಳು. ಟ್ರುಡಿ ಹಣೆ ಚಚ್ಚಿಕೊಂಡಳು.

ಮೂರನೆಯ ಸಲ ಕೇಳುವ ಮೊದಲು ಜಾಕೋಬಾ ತುಂಬಾ ಹೊತ್ತು ತಡೆದಳು. ಪೆಟ್ಟಿಗೆ ಹೊರುವವರು ಒಬ್ಬರ ಮುಖ ಒಬ್ಬರು ನೋಡಿದರು. ಮೂರಕ್ಕೂ ಯಾರೂ ಬರದಿದ್ದರೆ ಏನು ಮಾಡಬೇಕೆಂದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. "ಇವಳ ಪಕ್ಕ ಮಲಗಿದವರು..."

ಹಿತ್ತಿಲಲ್ಲಿ ತಗಡಿನ ತೊಟ್ಟಿ ಢಣಾರೆಂದು ಉರುಳಿತು.

ಸೆಲೆಸ್ಟಿನ್ ಬಾಗಿಲಿಂದ ಹೊರಬಂದಾಗ ಅಂಗೀಸಾ ತಲೆಯ ಮೇಲಿತ್ತು. ಒಂದು ಮಡಿಕೆ ತುಸು ಜಜ್ಜಿತ್ತು. ಜನ ದಾರಿ ಬಿಟ್ಟರು. ಅವಳು ದಾಟಿ ಹೋದಂತೆ ಅವಳ ಬೆನ್ನ ಹಿಂದಿದ್ದವರ ಉಸಿರು ಒಬ್ಬೊಬ್ಬರದಾಗಿ ಬಿಗಿಯಿತು. ಮೊದಲು ಮುದುಕಿಯರು ನೋಡಿದರು. ಆಮೇಲೆ ಇರ್ಮಾ ನೋಡಿದಳು. ಇಬ್ಬರು ಹೆಂಗಸರು ಕುಣಿಯುತ್ತಿದ್ದರು. ಎತ್ತರದವಳ ಒಂದು ಹುಬ್ಬು ಮೇಲಕ್ಕಿತ್ತು. ಅದೇ ಹಳದಿ, ಅದೇ ಕಪ್ಪು. ಬೆಳಿಗ್ಗೆ ತಾನು ಯಾವುದರಿಂದ ನೆಲ ಒರೆಸಿದೆ ಎಂಬುದು ಇರ್ಮಾಳಿಗೆ ಆಗ ತಿಳಿಯಿತು. ಏನೋ ಹೇಳಲು ಹೊರಟವಳು ತನ್ನ ಬಲಗೈಯನ್ನು ನೋಡಿಕೊಂಡಳು.

"ನಾನು," ಎಂದಳು ಸೆಲೆಸ್ಟಿನ್. ದನಿ ತೀರ ಸಣ್ಣದು.

"ಅವಳಿಗೆ ಕೇಳಿಸ್ಬೇಕು," ಎಂದಳು ಜಾಕೋಬಾ.

"ನಾನು ಮಲಗಿದ್ದೆ! ಗೋಡೆ ಕಡೆ ಅವಳು, ಈಚೆ ನಾನು!"

ಜಾಕೋಬಾ ದಾರದ ಇನ್ನೊಂದು ತುದಿಯನ್ನು ಅವಳ ಮಣಿಕಟ್ಟಿಗೆ ಕಟ್ಟಿದಳು. ಬಿಳಿ ದಾರ ಇಬ್ಬರ ನಡುವೆ ತೂಗಿತು. ಎರಡು ದಿನದಿಂದ ಸೆಲೆಸ್ಟಿನ್ ಈ ಗಳಿಗೆಗಾಗಿ ದೇವರನ್ನು ಬೇಡಿದ್ದಳು. ಕತ್ತರಿ ಹತ್ತಿರ ಬಂದಾಗ ಅವಳಿಗೆ ಬೇರೆಯೇ ಭಯವಾಯಿತು, ಎದೆ ಒಡೆಯುವಂಥದು: ಇನ್ನು ಮಂಚ ಕಿರ್ ಎನ್ನುವುದಿಲ್ಲ. "ಒಂದ್ನಿಮಿಷ..." ಎಂದಳು. ಜಾಕೋಬಾ ಅಂಥ ಒಂದು ನಿಮಿಷಗಳನ್ನು ಬಹಳ ಕಂಡವಳು. ಕಚಕ್ಕೆಂದು ಕತ್ತರಿಸಿದಳು. ತುದಿಯನ್ನು ಪೆಟ್ಟಿಗೆಯೊಳಗೆ ಹಾಕಿ, ಸೆಲೆಸ್ಟಿನ್ನಳ ಭುಜ ಹಿಡಿದು ತಿರುಗಿಸಿ, ಮುಖ ಮನೆಯ ಗೋಡೆಗೆ ಮಾಡಿ ನಿಲ್ಲಿಸಿದಳು.

"ಪೆಟ್ಟಿಗೆ ಬೀದಿ ತಿರುಗೋವರ್ಗೂ ಹಿಂದೆ ನೋಡಕೂಡ್ದು. ನೋಡಿದ್ರೆ ಮಾಡಿದ್ದೆಲ್ಲಾ ನೀರಲ್ಲಿ ಹೋಮ. ಅವಳು ತಿರುಗಿ ಬರ್ತಾಳೆ."

ಸುಣ್ಣ ಬಳಿದ ಹಲ‌ಗೆಗೋಡೆ. ಸೆಲೆಸ್ಟಿನ್ ಅದನ್ನೇ ನೋಡುತ್ತಾ ನಿಂತಳು. ಹಿಂದೆ ಮುಚ್ಚಳಕ್ಕೆ ಮೊಳೆ ಹೊಡೆದರು. ಆರು ಜನ ಹೆಗಲು ಕೊಟ್ಟರು. ಅಲ್ಲಿ ಹೊರುವವರು ಸುಮ್ಮನೆ ನಡೆಯುವವರಲ್ಲ, ಹಾಡುತ್ತಾ ಕುಣಿಯುತ್ತಾ ಪೆಟ್ಟಿಗೆಯನ್ನು ತೂಗುತ್ತಾ ಹೋಗುತ್ತಾರೆ. ಕಾಲ ಸದ್ದು ಗೇಟಿನವರೆಗೆ ಹೋಯಿತು. ಅಲ್ಲಿ ನಿಂತಿತು. ಮತ್ತೆ ಹಿಂದಕ್ಕೆ ಬಂತು. ಮತ್ತೆ ಗೇಟಿನವರೆಗೆ. ಮತ್ತೆ ಹಿಂದಕ್ಕೆ.

"ನಡೀರಪ್ಪಾ!" ಯಾರೋ ಕೂಗಿದರು.

"ನಾವ್ ನಡೀತಿದೀವಿ! ಅವಳು ಬಿಡ್ತಿಲ್ಲ!" ಹೊರುವವನ ದನಿ ಬೆದರಿತ್ತು. "ಎಳೀತಿದಾಳೆ ಹಿಂದಕ್ಕೆ! ಭಾರ ಹೆಚ್ಚಾಗ್ತಿದೆ!"

ಹೆಂಗಸರು ಅಳತೊಡಗಿದರು. ಬೂಟಿನ ಸದ್ದು ಓಡಿಬಂತು. ಇರ್ಮಾ ಸೆಲೆಸ್ಟಿನ್ನಳ ಹಿಂದೆಯೇ ಬಂದು ನಿಂತಳು. ಬೆಳಗಿನ ದನಿ ಅದಾಗಿರಲಿಲ್ಲ, ಕತ್ತಲೆಗೆ ಹೆದರಿದ ಮಗುವಿನ ದನಿಯಾಗಿತ್ತು.

"ಅಮ್ಮ ಹೋಗ್ತಿಲ್ಲ. ಹೋಗು ಅಂತ ಹೇಳಿ ಅವಳಿಗೆ. ನಿಮ್ಮ ಮಾತಾದ್ರೂ ಕೇಳ್ತಾಳೆ. ಹೇಳಿ ಚಿಕ್ಕಮ್ಮ."

"ತಿರುಗಕೂಡ್ದು ಅಂದಿದಾರೆ."

"ತಿರುಗ್ಬೇಡಿ. ಹಾಗೇ ಹೇಳಿ."

ಹೋಗು ಎನ್ನುವ ಮಾತು ಸೆಲೆಸ್ಟಿನ್ನಳ ಬಾಯಿಗೆ ಬರಲಿಲ್ಲ. ಬರುವ ಹಾಗೂ ಇರಲಿಲ್ಲ. ಅವಳು ಲಂಗವನ್ನು ಎರಡೂ ಕೈಯಲ್ಲಿ ಹಿಡಿದಳು. ಬೆನ್ನು ಗೇಟಿಗೆ, ಮುಖ ಗೋಡೆಗೆ. ಮೊದಲು ಒಂದು ಹಿಮ್ಮಡಿ ಎತ್ತಿದಳು, ಆಮೇಲೆ ಇನ್ನೊಂದು. ಸೊಂಟ ಮೆಲ್ಲನೆ ತೂಗಿತು. ತಲೆಯ ಮೇಲೆ ಗಂಜಿಯ ಮಡಿಕೆಗಳು ಚರ್ ಚರ್ ಎಂದವು. ಹಿಂಬದಿಯ ಇಬ್ಬರು ಹೆಂಗಸರು ಗೇಟಿನ ಕಡೆಗೆ ಮುಖಮಾಡಿ ಕುಣಿದರು. ಅಳುತ್ತಿದ್ದಳೋ ನಗುತ್ತಿದ್ದಳೋ ಗೋಡೆಗೆ ಮಾತ್ರ ಗೊತ್ತು. ಎಲ್ಲೋ ಟ್ರುಡಿ ಚಪ್ಪಾಳೆ ಹಾಕಿದಳು. ಇನ್ನೊಬ್ಬಳು ಸೇರಿದಳು. ಮುದುಕಿಯರೆಲ್ಲ ಸೇರಿದರು. ಹೊರುವವರ ಹಾಡು ಮತ್ತೆ ಎದ್ದಿತು.

"ಕದಲ್ತು!" ಎಂದಿತು ಜನ.

ಸೂರ್ಯ ಬೀದಿಯಾಚೆಯ ಮನೆಗಳ ಮಟ್ಟಕ್ಕೆ ಇಳಿದಿದ್ದ. ಬೆಳಕು ಗೇಟಿನಿಂದ ನೇರ ಒಳಬಂದು ಬಿಳಿಗೋಡೆಗೆ ಬಡಿಯುತ್ತಿತ್ತು. ಗೋಡೆಯ ಮೇಲೆ ಸೆಲೆಸ್ಟಿನ್ನಳ ನೆರಳು ತಲೆಯ ಮೇಲಿನ ಮಡಿಕೆಗಳ ಸಮೇತ ತೂಗುತ್ತಿತ್ತು. ಅದರ ಮಗ್ಗುಲಿಗೆ ಉದ್ದನೆಯ ಪೆಟ್ಟಿಗೆಯ ನೆರಳು ಎದ್ದಿತು, ವಾಲಿತು, ಮತ್ತೆ ಎದ್ದಿತು. ಹಿಂದೆ ನೋಡಕೂಡದು ಎಂದಿದ್ದರು. ಗೋಡೆ ನೋಡಕೂಡದು ಎಂದು ಯಾರೂ ಹೇಳಿರಲಿಲ್ಲ. ಸೆಲೆಸ್ಟಿನ್ ರೆಪ್ಪೆ ಬಡಿಯದೆ ನೋಡಿದಳು. ಆದರೆ ನಡುವೆ ಇನ್ನೊಂದು ನೆರಳು ಅಡ್ಡವಾಗಿ ಪೆಟ್ಟಿಗೆಯ ಅರ್ಧವನ್ನು ನುಂಗಿತ್ತು. ಅವಳು ಕುತ್ತಿಗೆ ಕೊಂಕಿಸಿದಳು.

ಇರ್ಮಾ ಗೋಡೆಯನ್ನು ನೋಡಿದಳು. ಸೆಲೆಸ್ಟಿನ್ನಳ ಕಣ್ಣು ಎಲ್ಲಿದೆ ಎಂದು ನೋಡಿದಳು. ಆಮೇಲೆ, ತನ್ನ ನೆರಳು ಅಡ್ಡ ಬರದಂತೆ, ಪಕ್ಕಕ್ಕೆ ಸರಿದು ನಿಂತಳು.